ಫ್ರಿಜ್ ತರಲು ಹೋಗಿ ತಂದ ಪಿಕಪ್

ಫೆಬ್ರವರಿ 8

ಫ್ರಿಜ್ ನೋಡಿ ಬರುತ್ತೇನೆಂದು ಬೆಳಿಗ್ಗೆ ಉಡುಪಿಗೆ ಹೋದ ಶ್ರೀಮಾನ್ ಜಾರ್ಜ್ ಲೋಬೊ ಅವರು ಸಂಜೆ ಪಿಕಪ್ ತಂದಿದ್ದಾರೆ. ಹತ್ತು ಫ್ರಿಜ್ ಹಿಡಿಸುವಷ್ಟು ದೊಡ್ಡದು. ಫ್ರಿಜ್ ಮಾತ್ರ ಅದರಲ್ಲಿ ಇರಲಿಲ್ಲ.

"ಫ್ರಿಜ್ ಎಲ್ಲಿ?" ಎಂದು ಕೇಳಿದೆ.

"ಇನ್ನು ಎಂತ ಹೆದರಿಕೆ? ತರಲಿಕ್ಕೆ ಈಗ ನಮ್ಮದೇ ಗಾಡಿ ಉಂಟಲ್ಲ," ಎಂದರು.

ಮದುವೆಯಾದ ವರ್ಷದಿಂದ ಮಸ್ಕತ್ತಿನ ಗೋದಾಮಿನಲ್ಲಿ ಸಾಮಾನು ಎಣಿಸಿದ ಮನುಷ್ಯ. ಕ್ರಿಸ್‌ಮಸ್ಸಿಗೆ ಮುಂಚೆ ಅಲ್ಲಿನದೆಲ್ಲ ಮುಗಿಸಿಕೊಂಡು ಊರಿಗೆ ಬಂದರು. ಬರುವಾಗ ಕಂಪೆನಿಯವರು ಕೊಟ್ಟ ಇಡಿಗಂಟು ಬ್ಯಾಂಕಿನಲ್ಲಿ ತಣ್ಣಗೆ ಮಲಗಿತ್ತು. ಅದರ ಒಂದು ದೊಡ್ಡ ಪಾಲು ಈಗ ನಮ್ಮ ಅಂಗಳದಲ್ಲಿ, ಪಕ್ಕದ ಮನೆಯ ಬರ್ತಾ ಬಾಯಿಯ ಕಾಂಪೌಂಡಿಗೆ ಬೆನ್ನು ಹಾಕಿ ನಿಂತಿದೆ. ಹೊಸದಾದರೂ ಹೌದೇ ಎಂದರೆ ಅದೂ ಅಲ್ಲ, ಸೆಕೆಂಡ್ ಹ್ಯಾಂಡ್. ಮುಂದಿನ ಗಾಜಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಯಶ್ಮಿತಾ' ಎಂದು ಬರೆದಿದೆ. ಹಿಂದಿನ ಮಾಲೀಕರ ಮಗಳಂತೆ.

"ಅದನ್ನು ಕೆರೆದು ತೆಗೆಯಿರಿ," ಎಂದೆ.

"ಪಾಪ, ಸಣ್ಣ ಮಗುವಿನ ಹೆಸರು. ಇರಲಿ ಬಿಡು."

ನನ್ನ ಹೆಸರನ್ನು ಇಷ್ಟು ವರ್ಷಗಳಲ್ಲಿ ಒಂದು ಸೈಕಲ್ಲಿನ ಮಡ್‌ಗಾರ್ಡಿನ ಮೇಲೂ ಬರೆಸದ ಮನುಷ್ಯ.

ಈ ಡೈರಿ ಕನ್ನಡದಲ್ಲಿರುವುದಕ್ಕೆ ಕಾರಣವುಂಟು. ಮನೆಯಲ್ಲಿ ನಮಗೆ ಕೊಂಕಣಿ, ರಸ್ತೆಗಿಳಿದರೆ ತುಳು. ಕನ್ನಡ ನನ್ನ ಹೊಟ್ಟೆಪಾಡು. ಕಾಪುವಿನ ಹೈಸ್ಕೂಲಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಅವರು ಕನ್ನಡ ಓದುವುದು ಬಹಳ ನಿಧಾನ. ಹಾಗಾಗಿ ಇಲ್ಲಿ ಏನು ಬೇಕಾದರೂ ಬರೆಯಬಹುದು.

ಫೆಬ್ರವರಿ 11

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಅವರ ರಜೆಗಳನ್ನೆಲ್ಲ ಸೇರಿಸಿದರೆ ಒಂದು ಬಿ.ಎ. ಮುಗಿಸುವಷ್ಟು ಕಾಲ ಜೊತೆಯಲ್ಲಿ ಇದ್ದೇವೆ. ಅದರಲ್ಲೂ ಅರ್ಧ ನೆಂಟರ ಮನೆಯ ಊಟದಲ್ಲಿ ಹೋಯಿತು, ಉಳಿದರ್ಧ ಸೂಟ್‌ಕೇಸು ಬಿಚ್ಚುವುದರಲ್ಲಿ ಮತ್ತು ಕಟ್ಟುವುದರಲ್ಲಿ. ಈ ಮನೆ ಕಟ್ಟಿಸಿದವಳು ನಾನು. ಬಾವಿ ತೋಡಿಸಿದವಳು, ಮೇಸ್ತ್ರಿಯ ಜೊತೆ ಜಗಳಾಡಿದವಳು, ಮಗಳು ಆಶ್ಲಿಗೆ ಜ್ವರ ಏರಿದಾಗ ಆಟೋ ಹಿಡಿದು ಓಡಿದವಳು, ಬಚ್ಚಲಿಗೆ ಬಂದ ಹಾವನ್ನು ಗೌರವದಿಂದ ಹೊರಗೆ ಕಳಿಸಿದವಳು, ಎಲ್ಲ ನಾನೇ. ಅವರು ಹಣ ಕಳಿಸಿದರು, ಒಪ್ಪುತ್ತೇನೆ. ಒಂದು ತಿಂಗಳೂ ತಪ್ಪಿಸಲಿಲ್ಲ. ಆದರೆ ಹಣಕ್ಕೆ ಕೈಕಾಲು ಇರುವುದಿಲ್ಲ.

ಈಗ ಬಂದು ಕೇಳುತ್ತಾರೆ: "ಪಂಪಿನ ಸ್ವಿಚ್ಚು ಅಡಿಗೆಮನೆಯಲ್ಲಿ ಯಾಕೆ? ಅಲ್ಲಿ ಇಡಲಿಕ್ಕೆ ಯಾರು ಹೇಳಿದ್ದು?"

ಇವತ್ತು ಶಾಲೆಯಿಂದ ಬಂದಾಗ ಅಡಿಗೆಮನೆಯೇ ಗೋದಾಮಾಗಿತ್ತು. ಡಬ್ಬಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಎದೆಗೆ ಇಂಗ್ಲಿಷ್ ಚೀಟಿ ಅಂಟಿಸಿಕೊಂಡು. ಸಾಸಿವೆ ಹುಡುಕುವಷ್ಟರಲ್ಲಿ ಎಣ್ಣೆ ಹೊಗೆಯಾಡಿತು.

"ಎಂ ನೋಡು, ಎಂ. ಮಸ್ಟರ್ಡ್," ಎಂದರು ಬಾಗಿಲಲ್ಲಿ ನಿಂತು.

ಪಿಕಪ್ ಯಾಕೆ ತಂದಿರಿ ಎಂಬುದಕ್ಕೂ ಉತ್ತರ ಸಿಕ್ಕಿತು. "ಖಾಲಿ ಕೂತರೆ ಹುಚ್ಚು ಹಿಡಿಯುತ್ತದೆ, ಬೆನ್ನಿ." ಯಾರಿಗೆ ಎಂದು ಹೇಳಲಿಲ್ಲ.

ಫೆಬ್ರವರಿ 16

ಪಿಕಪ್ ಇಟ್ಟುಕೊಳ್ಳುವುದರ ಮೊದಲ ಸುಖ ಗೊತ್ತಾಯಿತು: ಬಂಧುಬಳಗ ಬೆಳೆಯುತ್ತದೆ.

ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದರೆ ಸ್ಯಾಮ್ಸನ್ ಕಾಯುತ್ತಿದ್ದ. ಇವನು ಅವರ ಚಿಕ್ಕಪ್ಪನ ಮಗ. ಗಲ್ಫಿನಿಂದ ಅಣ್ಣ ಬಂದು ಎರಡು ತಿಂಗಳಾದರೂ ನಮ್ಮ ಮೆಟ್ಟಿಲು ಹತ್ತದವನು. ಇವತ್ತು ಅಪ್ಪಿಕೊಂಡೇಬಿಟ್ಟ. "ಜಾರ್ಜ್ ಅಣ್ಣ, ನಿಮ್ಮನ್ನು ನೆನೆಸದ ದಿನ ಇಲ್ಲ." ಆಮೇಲೆ ತಿಳಿಯಿತು, ಅವನಿಗೆ ಒಂದು ಗೋದ್ರೇಜು ಕಪಾಟು ಪಡುಬಿದ್ರಿಗೆ ಹೋಗಬೇಕಿತ್ತು.

ಹೋಯಿತು. ಅವರೇ ಹೊತ್ತು ಏರಿಸಿ, ಅವರೇ ಹೊತ್ತು ಇಳಿಸಿ ಬಂದರು. ಬಾಡಿಗೆ ಎಂದು ಸ್ಯಾಮ್ಸನ್ ನಾಲ್ಕು ಬಂಗುಡೆ ಮೀನು ಕೊಟ್ಟಿದ್ದ.

"ತಾಜಾ ಉಂಟು," ಎಂದರು ಅವರು ಹೆಮ್ಮೆಯಿಂದ.

ಡೀಸೆಲ್ ಬಂಕಿನವರು ಬಂಗುಡೆ ತೆಗೆದುಕೊಳ್ಳುತ್ತಾರೋ ಎಂದು ವಿಚಾರಿಸಬೇಕು.

ಫೆಬ್ರವರಿ 27

ಯಶ್ಮಿತಾ ಆಸ್ಪತ್ರೆಯಲ್ಲಿದ್ದಾಳೆ. ಅಂದರೆ ಕಟಪಾಡಿಯ ಗ್ಯಾರೇಜಿನಲ್ಲಿ.

ಗ್ಯಾರೇಜಿನ ಪ್ರಖ್ಯಾತ್ ನನ್ನ ಹಳೆಯ ವಿದ್ಯಾರ್ಥಿ. "ಗಾಡಿ ಒಳ್ಳೆದುಂಟು ಟೀಚರ್. ಸ್ವಲ್ಪ ಕೆಲಸ ಉಂಟು, ಅಷ್ಟೇ," ಎಂದು ಮೊದಲ ದಿನ ಹೇಳಿದ. ಮರುದಿನ ಕ್ಲಚ್ ಪ್ಲೇಟು ಹೊರಗೆ ಬಂತು. 'ಸ್ವಲ್ಪ' ಎಂಬುದು ಪರಿಮಾಣವಾಚಕ ಎಂದು ಅವನಿಗೆ ಕಲಿಸಿದವಳು ನಾನೇ. ಪರಿಮಾಣ ಎಷ್ಟು ಎಂದು ಕಲಿಸಲು ಮರೆತಿದ್ದೆ.

ಇದು ಹಗಲೆಲ್ಲ ಡೀಸೆಲ್ ಕುಡಿಯುತ್ತದೆ. ತಿಂಗಳಿಗೊಮ್ಮೆ ಗ್ರೀಸ್ ಹಚ್ಚಿಸಿಕೊಳ್ಳುತ್ತದೆ. ಎಫ್.ಸಿ. ಎಂದು ಆಗಾಗ ಫಿಟ್‌ನೆಸ್ ಪರೀಕ್ಷೆ ಬರೆಯುತ್ತದೆ, ಅದಕ್ಕೆ ಮುಂಚೆ ಹೊಸ ಬಟ್ಟೆ ಹಾಕಿದ ಹಾಗೆ ಬಣ್ಣ ಹೊಡೆಸಬೇಕು. ಇನ್ಶೂರೆನ್ಸ್ ಬೇರೆ, ಪರ್ಮಿಟ್ ಬೇರೆ, ಟ್ಯಾಕ್ಸ್ ಬೇರೆ. ಆಶ್ಲಿಯನ್ನು ಸಾಕಿ ಓದಿಸಿ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿಸಿದ್ದು ಇದಕ್ಕಿಂತ ಅಗ್ಗವಾಗಿತ್ತು. ಅಲ್ಲದೆ ಅವಳಿಗೆ ಕಡಲ ಗಾಳಿಗೆ ತುಕ್ಕು ಹಿಡಿಯುತ್ತಿರಲಿಲ್ಲ.

ಮಾರ್ಚ್ 2

ಇವತ್ತಿನ ಪ್ರಾರ್ಥನೆ: ದೇವರೇ, ಮಸ್ಕತ್ತಿನ ಆ ಕಂಪೆನಿಗೆ ಒಳ್ಳೆಯದು ಮಾಡು. ಅವರನ್ನು ವಾಪಸ್ ಕರೆಸಿಕೊಳ್ಳುವಷ್ಟು ಒಳ್ಳೆಯದು ಮಾಡು. ಆಮೆನ್.

ಮಾರ್ಚ್ 22

ನಮ್ಮ ಹೆಡ್‌ಮಿಸ್ ಪ್ರಫುಲ್ಲಾ ಮೇಡಂ ನಿನ್ನೆ ನನ್ನನ್ನು "ಬೆನೆಡಿಕ್ಟಾ" ಎನ್ನದೆ "ನಮ್ಮ ಬೆನೆಡಿಕ್ಟಾ ಟೀಚರ್" ಎಂದಾಗಲೇ ಸಂಶಯ ಬಂದಿತ್ತು. ಬೀಳ್ಕೊಡುಗೆ ಕಾರ್ಯಕ್ರಮಕ್ಕೆ ಶಿರ್ವದಿಂದ ಕುರ್ಚಿಗಳು ಬರಬೇಕಂತೆ. ಕುರ್ಚಿಗಳ ಜೊತೆಗೆ ಶಾಲೆಯ ಪರವಾಗಿ ಯಾರಾದರೂ ಇರಬೇಕಂತೆ.

ಹಾಗಾಗಿ ಮೊದಲ ಬಾರಿಗೆ ಆ ಗಾಡಿಯ ಒಳಗೆ ಕೂತೆ. ಏರುವುದು ಹೇಗೆಂದು ಯಾರೂ ಕಲಿಸಿಕೊಡುವುದಿಲ್ಲ. ಸೀರೆ ಎತ್ತಿ ಹಿಡಿದು, ಹಿಡಿಕೆ ಹುಡುಕಿ, ದೇವರನ್ನು ನೆನೆದು ಹಾರಬೇಕು. ನನ್ನ ಬದಿಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಇಳಿಯುವಾಗ ಅವರೇ ಸುತ್ತು ಬಂದು ತೆರೆಯಬೇಕು. ನೋಡಿದವರು ಇದನ್ನು ಮರ್ಯಾದೆ ಎಂದು ತಿಳಿದಿರಬೇಕು.

ಒಂದು ವಿಷಯ ಮಾತ್ರ ಬರೆದಿಡುತ್ತೇನೆ. ಅಷ್ಟು ಎತ್ತರದಲ್ಲಿ ಕೂತರೆ ಎಲ್ಲರ ಕಾಂಪೌಂಡಿನ ಒಳಗೂ ಕಾಣುತ್ತದೆ. ಬಸ್ಸಿನಲ್ಲಿ ಇಷ್ಟು ವರ್ಷ ಹೋಗಿ ಬಂದರೂ ನನಗೆ ಕಂಡದ್ದು ಮುಂದಿನವರ ತಲೆ ಮಾತ್ರ. ಇವತ್ತು ಯಾರ ತೋಟಕ್ಕೆ ನೀರಿಲ್ಲ, ಯಾರ ಹೊಸ ಕಾರು ಬಟ್ಟೆ ಹೊದ್ದು ಮಲಗಿದೆ, 'ಮನೆಯಲ್ಲಿಲ್ಲ' ಎಂದು ನಿನ್ನೆ ಫೋನಿನಲ್ಲಿ ಹೇಳಿಸಿದ ಪಿ.ಟಿ. ಮಾಸ್ಟರು ಯಾವ ಜಗಲಿಯಲ್ಲಿ ಕಾಲು ಚಾಚಿದ್ದಾರೆ, ಎಲ್ಲ ಕಂಡಿತು.

ಅವರು ಗಾಡಿ ಓಡಿಸುವಾಗ ಮೆಲ್ಲಗೆ ಗುನುಗುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಸ್ವರ ಸರಿಯಿಲ್ಲ.

ಏಪ್ರಿಲ್ 11

ಶಾಲೆಗೆ ರಜೆ. ಮನೆಯಲ್ಲಿ ಕೂತು ಮಾಡುವುದೇನು ಎಂದು ಮಣಿಪಾಲದ ಬಾಡಿಗೆಗೆ ಜೊತೆಗೆ ಹೋದೆ. ಮೇಲ್ವಿಚಾರಣೆಗೆ. ಯಾಕೆಂದರೆ ಬಾಡಿಗೆ ಕೇಳಲು ಆ ಮನುಷ್ಯನಿಗೆ ನಾಚಿಕೆ. "ನಿಮಗೆ ಸರಿ ಕಂಡಷ್ಟು ಕೊಡಿ," ಎನ್ನುತ್ತಾರೆ. ಜನರಿಗೆ ಸರಿ ಕಾಣುವುದು ಯಾವಾಗಲೂ ಬಂಗುಡೆಯೇ.

ದೆಹಲಿ ಕಡೆಯ ಒಬ್ಬ ವಿದ್ಯಾರ್ಥಿ, ಒಂದು ಫ್ಲಾಟಿನಿಂದ ಪಕ್ಕದ ರಸ್ತೆಯ ಇನ್ನೊಂದು ಫ್ಲಾಟಿಗೆ. ವೈದ್ಯನಾಗುವವನಂತೆ. ಪುಸ್ತಕ ಒಂದು ಪೆಟ್ಟಿಗೆ, ಬೂಟು ಮೂರು ಪೆಟ್ಟಿಗೆ. "ಅಂಕಲ್, ಗಿಟಾರ್ ಹುಷಾರು," ಎಂದು ಹೇಳುತ್ತಾ ತಾನು ಮಾತ್ರ ಫೋನು ಹಿಡಿದು ನೆರಳಿನಲ್ಲಿ ನಿಂತಿದ್ದ. ಕೊನೆಗೆ ಕಡಿಮೆ ಕೊಡಲು ನೋಡಿದ. ನಾನು ಇಳಿದೆ. ಮೂವತ್ತು ವರ್ಷ ಎಂಟನೇ ತರಗತಿಯನ್ನು ನೋಡಿದ ಕಣ್ಣಿನಿಂದ ಅವನನ್ನು ನೋಡಿದೆ, ಅಷ್ಟೇ. ಪೂರ್ತಿ ಕೊಟ್ಟ. "ಸಾರಿ ಮ್ಯಾಮ್," ಎಂದೂ ಸೇರಿಸಿದ.

ಹಿಂದೆ ಬರುವಾಗ ಜಾರ್ಜ್ ನಗುತ್ತಲೇ ಇದ್ದರು. "ಮಸ್ಕತ್ತಿನಲ್ಲಿ ನೀನಿದ್ದಿದ್ದರೆ ನನಗೆ ಓವರ್‌ಟೈಮ್ ಸರಿಯಾಗಿ ಸಿಗುತ್ತಿತ್ತು ಮಾರಾಯ್ತಿ."

ಏಪ್ರಿಲ್ 17

ಕಾರ್ಕಳದ ಒಂದು ಮದುವೆಗೆ ಪಾತ್ರೆಗಳನ್ನು ತಲುಪಿಸಿ ಬಂದೆವು. ಹೋಗುವಾಗ ದಾರಿಯುದ್ದಕ್ಕೂ ಹಿಂದೆ ಹಂಡೆಗಳ ತಾಳಮೇಳ, ಮಾತಾಡಲು ಆಗಲಿಲ್ಲ. ಬರುವಾಗ ಗಾಡಿ ಖಾಲಿ, ಮೌನ ಜಾಸ್ತಿ.

ಬೆಳ್ಮಣ್ಣು ದಾಟುವಾಗ ಅವರು ತಾವಾಗಿಯೇ ಹೇಳಿದರು.

"ಮೊದಲ ಸಲ ಹೋದಾಗ ನಾನು ಪಿಕಪ್ಪಿನಲ್ಲೇ ಮಲಗುತ್ತಿದ್ದದ್ದು."

"ಯಾವ ಪಿಕಪ್?"

"ಕಂಪೆನಿಯದ್ದು. ಕ್ಯಾಂಪಿನಲ್ಲಿ ಮಂಚ ಇರಲಿಲ್ಲ. ನೆಲದಲ್ಲಿ ಮಲಗಿದರೆ ಮೇಲೆ ಕಾಲಿಟ್ಟು ಹೋಗುತ್ತಿದ್ದರು. ಅದಕ್ಕೆ ಗಾಡಿಯಲ್ಲಿ. ಸುಮಾರು ಒಂದು ಬೇಸಿಗೆ."

"ರೂಮು ಚೆನ್ನಾಗಿದೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಬರೆದಿದ್ದಿರಿ."

"ಗಾಡಿ ಬಂದರಿನ ಹತ್ತಿರ ನಿಲ್ಲಿಸುತ್ತಿದ್ದೆ. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಸುಳ್ಳು ಬರೆದಿಲ್ಲ."

ಆ ಕಾಗದವನ್ನು ನಾನು ಆಗ ಅಕ್ಕಪಕ್ಕದ ಎಲ್ಲರಿಗೂ ಓದಿ ಹೇಳಿದ್ದೆ. ಬರ್ತಾ ಬಾಯಿಗೆ ಎರಡು ಸಲ.

ಮನೆಯಲ್ಲಿ ಎದುರುಬದುರು ಕೂತರೆ ನಮಗೆ ಪಂಪು, ಸ್ವಿಚ್ಚು, ಸಾಸಿವೆ ಬಿಟ್ಟು ಬೇರೆ ಮಾತು ಬರುವುದಿಲ್ಲ. ಇಬ್ಬರೂ ರಸ್ತೆ ನೋಡುತ್ತಾ ಕೂತರೆ ಬರುತ್ತದೆ. ಇದಕ್ಕೆ ಇಷ್ಟು ದೊಡ್ಡ ಗಾಡಿ ಬೇಕಿತ್ತೇ? ಒಂದು ಬೆಂಚು ಸಾಕಾಗುತ್ತಿತ್ತು. ರಸ್ತೆ ಬದಿಯಲ್ಲಿ ಹಾಕಿಕೊಂಡರೆ ಡೀಸೆಲ್ಲೂ ಬೇಡ.

ಏಪ್ರಿಲ್ 25

ಪರ್ಕಳದ ಹತ್ತಿರ ಪಂಕ್ಚರ್. ಬಿಸಿಲು. ಜ್ಯಾಕ್ ಜಾರದಂತೆ ಕಲ್ಲು ಕೊಟ್ಟವಳು ನಾನು, ನಟ್ಟುಗಳನ್ನು ಸೆರಗಿನಲ್ಲಿ ಹಿಡಿದವಳು ನಾನು. ಹೊಸ ಟಯರಿನ ಬೆಲೆ ಕೇಳಿ ಅವರು ಎದೆ ಮುಟ್ಟಿಕೊಂಡರು. ಸೀರೆಗೆ ಹತ್ತಿದ ಗ್ರೀಸ್ ಹೋಗುವುದಿಲ್ಲ. ಅದನ್ನು ಗಾಡಿಯ ಸೀರೆ ಎಂದು ಬೇರೆ ಇಟ್ಟಿದ್ದೇನೆ.

ಬಾಡಿಗೆಗೆ ಕೇಳುವವರಿಗೆ ಈಗ ನನ್ನ ನಂಬರೇ ಕೊಡುವುದು. ಜಾರ್ಜಿಗೆ 'ಇಲ್ಲ' ಎನ್ನಲು ಬರುವುದಿಲ್ಲ. ನನಗೆ ಅದು ಮಾತೃಭಾಷೆ.

ಮೇ 4

ಇವತ್ತು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ನಾನು ಆಶ್ಲಿಯನ್ನು ನೋಡಿ ಬರಲು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿದ್ದೆ. ಆ ಹೊತ್ತಿಗೆ ಸರಿಯಾಗಿ ಸ್ಯಾಮ್ಸನ್ ಬಂದು ಗಾಡಿಯ ಕೀ ಕೇಳಿದ್ದಾನೆ. ಇವರು ಕೊಟ್ಟಿದ್ದಾರೆ. ಡೀಸೆಲ್ ತುಂಬಿಸಿ ಕೊಟ್ಟಿದ್ದಾರೆ. ಸಂಜೆ ಗಾಡಿ ಬಂದಾಗ ಹಿಂದಿನ ಬಾಗಿಲು ಒಳಗೆ ಬಾಗಿತ್ತು, ಒಂದು ಲೈಟು ಇರಲಿಲ್ಲ. "ಮೊದಲೇ ಹಾಗಿತ್ತೋ ಏನೋ ಅಣ್ಣ," ಎಂದನಂತೆ ಸ್ಯಾಮ್ಸನ್. "ಇರಬಹುದು," ಎಂದರಂತೆ ಇವರು.

ನನಗೆ ಬಂದ ಸಿಟ್ಟಿಗೆ ಅಳತೆ ಇರಲಿಲ್ಲ. ಗಾಡಿಯ ವಿಷಯದಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಪಂಪಿಗೆ ಹೋಯಿತು, ಮೇಸ್ತ್ರಿಗೆ ಹೋಯಿತು, ಆಶ್ಲಿಯ ಜ್ವರಕ್ಕೆ ಹೋಯಿತು. ಕೊನೆಗೆ ನಾನು ಹೇಳಿದೆ: "ನೀವು ಇಲ್ಲದೆ ಈ ಮನೆ ಸರಿಯಾಗಿಯೇ ನಡೆದಿತ್ತು. ನೀವು ಬಂದದ್ದೇ ತೊಂದರೆ."

ಅವರು ಅಂಗಳಕ್ಕೆ ಹೋಗಿ ಆ ಬಾಗಿದ ಬಾಗಿಲನ್ನು ಮರದ ತುಂಡಿನಿಂದ ತಟ್ಟುತ್ತಾ ಕೂತರು. ಬಹಳ ಹೊತ್ತು ತಟ್ಟಿದರು. ಸರಿಯಾಗಲಿಲ್ಲ.

ಮೇ 5

ಮಾತಿಲ್ಲ.

ಮೇ 7

ಮಾರ್ಕೆಟಿಗೆ ಹೋಗಿ ಬರುವಷ್ಟರಲ್ಲಿ ಅಡಿಗೆಮನೆ ಮೊದಲಿನ ಹಾಗಾಗಿತ್ತು. ಡಬ್ಬಗಳು ನಾನು ಇಡುತ್ತಿದ್ದ ಜಾಗಕ್ಕೇ ಹೋಗಿವೆ, ಒಂದೂ ತಪ್ಪಿಲ್ಲ. ಚೀಟಿಗಳನ್ನು ನೀರು ಹಚ್ಚಿ ಕಿತ್ತು, ಗುರುತು ಉಳಿಯದ ಹಾಗೆ ಒರೆಸಿದ್ದಾರೆ.

ನನಗೆ ಬೇಕಾದದ್ದು ಅದೇ ತಾನೇ.

ಮಧ್ಯಾಹ್ನ ಒಗ್ಗರಣೆಗೆ ಸಾಸಿವೆ ಸಿಗಲಿಲ್ಲ. ಎಂ ಎಲ್ಲಿದೆ ಎಂದು ಹುಡುಕಿದೆ.

ಮೇ 16

ಪ್ರಾರ್ಥನೆ ಫಲಿಸಿದೆ. ದೇವರು ಕೆಲವೊಮ್ಮೆ ಬೇಡದ ವೇಳೆಗೆ ಚುರುಕಾಗುತ್ತಾನೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಜಾರ್ಜ್ ಹೇಳಿದರು. ಮಸ್ಕತ್ತಿಗೆ ಫೋನ್ ಮಾಡಿದ್ದರಂತೆ, ಹತ್ತು ದಿನದ ಹಿಂದೆ. ಹಳೆಯ ಮ್ಯಾನೇಜರು ಈಗಲೂ ಅಲ್ಲೇ ಇದ್ದಾರೆ. ಎರಡು ವರ್ಷದ ಮಟ್ಟಿಗೆ ತೆಗೆದುಕೊಳ್ಳುತ್ತಾರಂತೆ. ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

"ಎರಡು ವರ್ಷ ಎಂತ, ಬೇಗ ಹೋಗುತ್ತದೆ," ಎಂದರು. "ನಿನಗೂ ನೆಮ್ಮದಿ."

"ಗಾಡಿ?"

"ಮಾರುವುದು. ಬಜಗೋಳಿಯ ಒಬ್ಬರು ಕೇಳಿದ್ದಾರೆ. ಕೋಳಿ ಫಾರ್ಮ್ ಉಂಟಂತೆ."

ಒಳ್ಳೆಯದೇ ಆಯಿತು. ಅಂಗಳ ಖಾಲಿಯಾಗುತ್ತದೆ. ಬಟ್ಟೆ ಒಣಗಿಸಲು ಜಾಗ ಸಿಗುತ್ತದೆ. ಬಂಗುಡೆಯೂ ಕಡಿಮೆಯಾಗುತ್ತದೆ. ಬಹಳ ಒಳ್ಳೆಯದೇ ಆಯಿತು.

ಮೀನಿನ ಸಾರಿಗೆ ಉಪ್ಪು ಹಾಕಿರಲಿಲ್ಲ. ಇಬ್ಬರೂ ಊಟ ಮುಗಿಸಿದ ಮೇಲೆ ಪಾತ್ರೆ ತೊಳೆಯುವಾಗ ನೆನಪಾಯಿತು.

ಮೇ 18

ಆಶ್ಲಿ ಬಂದಿದ್ದಳು. ಅಪ್ಪ ಹೋಗುವ ವಿಷಯ ಕೇಳಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಮಮ್ಮಿ, ಡ್ಯಾಡಿ ಹೋಗುವುದು ನಿಂಗೆ ಬೇಕಾ?"

"ನನಗೆ ಎಂತ? ಅವರ ಇಷ್ಟ."

"ಹಾಗಾದರೆ ಜೂನ್ ತಿಂಗಳ ಬಾಡಿಗೆಗಳನ್ನು ಯಾಕೆ ಒಪ್ಪಿಕೊಳ್ಳುತ್ತಿದ್ದೀ? ಈಗಷ್ಟೇ ಫೋನಿನಲ್ಲಿ ಯಾರಿಗೋ ಹತ್ತನೇ ತಾರೀಕು ಹೇಳಿದೆಯಲ್ಲ."

ಅಭ್ಯಾಸಬಲ ಎಂದೆ. ಈಗಿನ ಮಕ್ಕಳಿಗೆ ದೊಡ್ಡವರ ಫೋನು ಕೇಳಿಸಿಕೊಳ್ಳುವ ಚಾಳಿ.

ಮೇ 24

ಇವತ್ತು ಗಾಡಿ ಮಾರಲು ಬಜಗೋಳಿಗೆ ಹೋಗಿದ್ದೆವು.

ನನ್ನನ್ನು ಯಾರೂ ಕರೆದಿರಲಿಲ್ಲ. ಕಾಗದಪತ್ರ ಎಲ್ಲಿ ಏನಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ ಎಂದು ನಾನೇ ಹೊರಟೆ. ಕಾಗದಪತ್ರಗಳೆಲ್ಲ ಒಂದೇ ಚೀಲದಲ್ಲಿದ್ದವು. ಅದನ್ನು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ. ಜಾರ್ಜ್ ಬೆಳಿಗ್ಗೆಯೇ ಗಾಡಿ ತೊಳೆದು, ಒಳಗೆಲ್ಲ ಒರೆಸಿ, ಫಳಫಳ ಹೊಳೆಯುವ ಹಾಗೆ ಮಾಡಿದ್ದರು. ಹೆಣ್ಣು ನೋಡಲು ಬರುವ ದಿನ ಮನೆಯವರು ಮಾಡುವ ಹಾಗೆ. ಪಡುಬಿದ್ರಿಯಲ್ಲಿ ತಿರುಗುವಾಗ ಮಳೆ ಶುರುವಾಯಿತು. ಈ ವರ್ಷ ಬೇಗ ಬಂದಿದೆ. ನಿಟ್ಟೆ, ಕಾರ್ಕಳ, ಮಿಯಾರು ದಾಟಿದರೂ ನಿಲ್ಲಲಿಲ್ಲ. ಅವರು ಗುನುಗಲೂ ಇಲ್ಲ.

ಗುಣಪಾಲ ಎಂಬ ಆ ಮನುಷ್ಯ ಒಳ್ಳೆಯವರು. ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಗಾಡಿ ಹೇಗುಂಟು ಪೊರ್ಬುಗಳೇ? ತಕರಾರು ಎಂತಾದರೂ?" ಕ್ರೈಸ್ತ ಗಂಡಸರನ್ನು ತುಳುವಿನಲ್ಲಿ ಪೊರ್ಬುಗಳು ಎಂದೇ ಕರೆಯುವುದು.

"ಒಳ್ಳೆಯ ಗಾಡಿ," ಎಂದರು ಜಾರ್ಜ್. ಅಷ್ಟು ಹೇಳಿ ಆ ಕಡೆ ತಿರುಗಿದರು.

ಆಗ ನಾನು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಇಷ್ಟೇ: ಟೀಚರ್ ಆದವಳು ಸುಳ್ಳಿಗೆ ಸಾಕ್ಷಿಯಾಗಬಾರದು.

"ಎರಡನೇ ಗೇರ್ ಹಾಕುವಾಗ ಒಮ್ಮೆ ಜಗ್ಗುತ್ತದೆ," ಎಂದೆ. "ಕ್ಲಚ್ ಪ್ಲೇಟು ಹೊಸದು. ಆದರೆ ಅದು ಹೊಸದಾದ ಮೇಲೆಯೇ ಜಗ್ಗಲು ಶುರುವಾದದ್ದು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಯಾರಾದರೂ ಇಳಿದು ಬರಬೇಕು. ಮಳೆಯಲ್ಲಿ ವೈಪರ್ ಡ್ರೈವರಿನ ಎದುರಿಗೆ ಮಾತ್ರ ಓಡುತ್ತದೆ, ಈಗ ನೋಡಿ ಬಂದೆವಲ್ಲ. ಘಟ್ಟ ಹತ್ತಿದರೆ ಬಿಸಿಯಾಗುತ್ತದೆ."

"ಘಟ್ಟ ನಾವು ಹತ್ತಲೇ ಇಲ್ಲವಲ್ಲ," ಎಂದರು ಜಾರ್ಜ್.

"ಮಣಿಪಾಲ ಹತ್ತಿದಾಗಲೇ ಬಿಸಿಯಾಯಿತು. ಇನ್ನು ಇವರ ಮನೆ ಕುದುರೆಮುಖದ ದಾರಿಯಲ್ಲಿ." ನಾನು ಗುಣಪಾಲರ ಕಡೆ ತಿರುಗಿದೆ. "ಕಡಲ ಬದಿಯ ಗಾಡಿ ಇದು. ಮೇಲೆ ಬಣ್ಣ, ಅಡಿಯಲ್ಲಿ ತುಕ್ಕು. ಬಗ್ಗಿ ನೋಡಿ. ಇನ್ಶೂರೆನ್ಸ್ ಬರುವ ತಿಂಗಳು ಮುಗಿಯುತ್ತದೆ. ಎಫ್.ಸಿ.ಯೂ ಹತ್ತಿರ ಬಂತು. ಹಿಂದಿನ ಎರಡು ಟಯರು ಈ ಮಳೆಗಾಲ ದಾಟುವುದಿಲ್ಲ. ಮತ್ತೆ, ಇದನ್ನು ತೆಗೆದುಕೊಂಡರೆ ನಿಮಗೆ ನೆಂಟರು ಹೆಚ್ಚುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ."

ಗುಣಪಾಲರು ನನ್ನನ್ನು ನೋಡಿದರು, ಜಾರ್ಜನ್ನು ನೋಡಿದರು.

"ಬಾಯಮ್ಮ, ನೀವು ಗಾಡಿ ಮಾರಲಿಕ್ಕೆ ಬಂದದ್ದಾ, ಅಲ್ಲ ನನ್ನನ್ನು ಉಳಿಸಲಿಕ್ಕೆ ಬಂದದ್ದಾ?"

"ಇದ್ದದ್ದನ್ನು ಹೇಳಿದೆ."

"ಅಲ್ಲ, ಇಷ್ಟೆಲ್ಲ ಉಂಟು ಅಂತಾದರೆ ನೀವು ಇದನ್ನು ಇಟ್ಟುಕೊಂಡದ್ದು ಯಾಕೆ ಮಾರಾಯ್ರೆ?"

ಮಳೆಯ ಸದ್ದು ಜೋರಾಗಿತ್ತು, ಕೇಳಿಸದವಳ ಹಾಗೆ ಇದ್ದೆ. ಗುಣಪಾಲರು ನಯವಾಗಿಯೇ ಬೇಡ ಎಂದರು. ಬೇಜಾರು ಮಾಡಬೇಡಿ ಎಂದು ಒಂದು ಟ್ರೇ ಮೊಟ್ಟೆ ಕೊಟ್ಟು ಕಳಿಸಿದರು.

ಹಿಂದೆ ಬರುವಾಗ ಮೊಟ್ಟೆಯ ಟ್ರೇ ನನ್ನ ಮಡಿಲಲ್ಲಿತ್ತು. ಕಾರ್ಕಳ ದಾಟಿದ ಮೇಲೆ ಅವರು ಕೇಳಿದರು.

"ಎರಡನೇ ಗೇರಿನ ವಿಷಯ ನಿನಗೆ ಹೇಗೆ ಗೊತ್ತು? ನಾನು ಹೇಳಿರಲಿಲ್ಲ."

"ಹಾಕುವಾಗ ನಿಮ್ಮ ಎಡಭುಜ ಒಮ್ಮೆ ಹಾರುತ್ತದೆ."

ಅವರು ಗಾಡಿಯನ್ನು ನಿಧಾನ ಮಾಡಿ, ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಅವರ ಕಡೆಯ ವೈಪರ್ ಮಾತ್ರ ಓಡುತ್ತಿತ್ತು. ನನ್ನ ಕಡೆಯ ಗಾಜಿನಲ್ಲಿ ಬರೀ ನೀರು.

"ಬೆನ್ನಿ, ನಾನು ಹೋಗಬೇಕಾ, ಬೇಡವಾ? ಅದೊಂದು ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ."

ಇಷ್ಟು ವರ್ಷ ಮಕ್ಕಳಿಗೆ ಅಲಂಕಾರ, ಛಂದಸ್ಸು ಎಂದು ಬಾಯಿ ನೋಯಿಸಿಕೊಂಡವಳಿಗೆ ಒಂದು ವಾಕ್ಯ ಬರಲಿಲ್ಲ.

"ಜೂನ್ ಹತ್ತಕ್ಕೆ ಉದ್ಯಾವರದ ಬಾಡಿಗೆ ಒಪ್ಪಿಕೊಂಡಾಗಿದೆ," ಎಂದೆ. "ಅದರ ಮರುದಿನ ಬರ್ತಾ ಬಾಯಿಯ ಹಂಚು ಬರಬೇಕು."

"ಅದಕ್ಕೆಂತ, ಡ್ರೈವರ್ ಸಿಗುತ್ತಾನೆ. ಗಾಡಿ ಇಟ್ಟುಕೋ. ಡ್ರೈವರನ್ನು ಇಟ್ಟುಕೋ."

"ಹೊಸಬರ ಹತ್ತಿರ ಕೂತು ಮಾತಾಡಿ ನನಗೆ ಅಭ್ಯಾಸ ಇಲ್ಲ. ಈ ಒಬ್ಬರ ಹತ್ತಿರ ಮಾತಾಡಲು ಕಲಿಯಲಿಕ್ಕೇ ಇಷ್ಟು ವರ್ಷ ಹಿಡಿಯಿತು."

ಇದನ್ನು ನಾನು ರಸ್ತೆಯ ಕಡೆ ನೋಡಿಕೊಂಡು ಹೇಳಿದ್ದು. ಅವರ ಮುಖ ಹೇಗಿತ್ತೋ ಗೊತ್ತಿಲ್ಲ. ಆಮೇಲೆ ನನ್ನ ಮಡಿಲಿನಿಂದ ಮೊಟ್ಟೆಯ ಟ್ರೇಯನ್ನು ಎತ್ತಿ ಮಧ್ಯದಲ್ಲಿ ಇಟ್ಟು, ತಮ್ಮ ಟವೆಲನ್ನು ಅದರ ಸುತ್ತ ಸುತ್ತಿದರು. ಗಾಡಿ ಹೊರಟಿತು. ಬೆಳ್ಮಣ್ಣಿನ ನಂತರ ಗುನುಗಿದರು. ಸ್ವರ ಅಷ್ಟೇನೂ ಕೆಟ್ಟದಾಗಿಲ್ಲ.

ಒಂದು ಮೊಟ್ಟೆಯೂ ಒಡೆದಿಲ್ಲ.

ಮೇ 27

ಎರಡನೇ ಗೇರ್ ತೋರಿಸಲು ಕಟಪಾಡಿಗೆ ಹೋದೆವು. ಪ್ರಖ್ಯಾತ್ ಗಾಡಿಯ ಕೆಳಗೆ ನುಗ್ಗಿ ನೋಡಿ ಎದ್ದು ಬಂದ.

"ಸ್ವಲ್ಪ ಕೆಲಸ ಉಂಟು ಟೀಚರ್."

"ಮಾಡು," ಎಂದೆ. ಎಷ್ಟಾಗುತ್ತದೆ ಎಂದು ಕೇಳಲು ಮರೆತೆ. ಇದು ಜಾರ್ಜಿನ ಸಹವಾಸದೋಷ.

ಸ್ಯಾಮ್ಸನ್ ಫೋನ್ ಮಾಡಿದ್ದ, ಸೋಫಾ ಸಾಗಿಸಲಿಕ್ಕುಂಟಂತೆ. ಹಿಂದಿನ ಬಾಗಿಲಿನ ರಿಪೇರಿಯ ಖರ್ಚು ಎಷ್ಟಾಯಿತು ಎಂದು ಹೇಳತೊಡಗಿದೆ. ಲೈನ್ ಕಟ್ ಆಯಿತು. ನೆಟ್‌ವರ್ಕ್ ಸರಿಯಿಲ್ಲ ಪಾಪ.

ಮೇ 31

ಶಾಲೆ ಶುರುವಾಗಿದೆ. ಬೆಳಿಗ್ಗೆ ಗಾಡಿಯಲ್ಲೇ ಬಿಟ್ಟು ಹೋದರು. ಬಸ್ಸಿನ ಚಾರ್ಜಿಗಿಂತ ಡೀಸೆಲ್ ದುಬಾರಿ. ಆದರೆ ಮಳೆ.

ಮಸ್ಕತ್ತಿಗೆ ಉತ್ತರ ಕೊಡಲು ಇವತ್ತು ಕೊನೆಯ ದಿನ. ಸಂಜೆ ಕೇಳಿದೆ. ಬರುವುದಿಲ್ಲ ಎಂದು ನಿನ್ನೆಯೇ ಫೋನ್ ಮಾಡಿ ತಿಳಿಸಿದ್ದಾರಂತೆ.

"ಎಂತ ಕಾರಣ ಕೊಟ್ಟಿರಿ?"

"ಗಾಡಿ ಮಾರಾಟ ಆಗಲಿಲ್ಲ ಅಂತ ಹೇಳಿದೆ."

"ಅವರು ಎಂತ ಹೇಳಿದರು?"

"ಅವರಿಗೆ ಅರ್ಥ ಆಗಲಿಲ್ಲ," ಎಂದರು. ಇಷ್ಟು ಹೇಳಿ ಸ್ನಾನಕ್ಕೆ ಹೋದರು.

ಅವರು ಬಚ್ಚಲಲ್ಲಿ ಇರುವಾಗಲೇ ಅವರ ಫೋನು ಹೊಡೆದುಕೊಂಡಿತು. ಕಾರ್ಕಳದಿಂದ ಯಾರೋ. ಪಿಕಪ್ ಮಾರಲಿಕ್ಕುಂಟು ಎಂದು ಬಜಗೋಳಿ ಕಡೆ ಯಾರೋ ಹೇಳಿದರಂತೆ, ನೋಡಲು ನಾಳೆ ಬರಬಹುದೇ ಎಂದು ಕೇಳಿದರು.

"ಮಾರಿ ಆಯಿತು," ಎಂದೆ.

"ಓ, ಹೌದಾ? ಯಾರಿಗೆ ಹೋಯಿತು?"

"ಇಲ್ಲೇ ಕಾಪುವಿನ ಒಬ್ಬರು ಟೀಚರ್ ತೆಗೆದುಕೊಂಡರು."

"ಟೀಚರಿಗೆ ಎಂತಕ್ಕೆ ಮಾರಾಯ್ರೆ ಪಿಕಪ್? ಖರ್ಚು ಗೊತ್ತಿಲ್ಲವಾ ಅವರಿಗೆ?"

"ಎಲ್ಲ ಗೊತ್ತುಂಟು," ಎಂದೆ. "ಗೊತ್ತಿದ್ದೇ ತೆಗೆದುಕೊಂಡದ್ದು."